ಭಾವ ಪಾಸ್ ಮಾಡದ ಸ್ಟೇರಿಂಗ್

ಹೋದ ವಾರ ಸ್ಕೂಟರ್ ಸರ್ವಿಸಿಗೆಂದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿದ್ದೆ. ಪಕ್ಕದ ಶೆಡ್ಡಿನಲ್ಲಿ ಯಾವುದೋ ಕಾರನ್ನು ಎತ್ತಿ ನಿಲ್ಲಿಸಿ, ಅದರ ಪವರ್ ಸ್ಟೇರಿಂಗ್ ಎಣ್ಣೆಯನ್ನು ಬಾಂಡ್ಲಿಗೆ ಬಸಿಯುತ್ತಿದ್ದರು. ಬಣ್ಣ ದಾಳಿಂಬೆ ರಸದ್ದು, ವಾಸನೆ ಮಾತ್ರ ಸುಟ್ಟ ರಬ್ಬರಿನದ್ದು. ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಭಾವನ ಅಂಗಳ ಕಣ್ಣ ಮುಂದೆ ಬಂತು. ಜಗುಲಿಯ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಬಿಡಿಭಾಗಗಳನ್ನು ಹರಡಿಕೊಂಡು ಕೂತ ಭಾವ...

ಭಾವ ಅಂದರೆ ಸಂಬಂಧದಲ್ಲಿ ಏನೂ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ಗೋಡೆಯಾಚೆಯ ಮನೆಯಾಕೆಯನ್ನು ಮೊದಲ ದಿನವೇ ಅಕ್ಕ ಎಂದು ಕರೆದೆ. ಆಕೆಯ ಗಂಡ ತಾವಾಗಿಯೇ ಭಾವ ಆದರು. ಕಾರ್ಖಾನೆಯಲ್ಲಿ ಅವರದು ಇನ್‌ಸ್ಪೆಕ್ಷನ್ ಕೆಲಸ. ತಯಾರಾಗಿ ಬಂದ ಉಕ್ಕಿನ ತುಂಡುಗಳನ್ನು ನೋಡುವುದು, ಸರಿಯಿದ್ದರೆ ಪಾಸ್ ಮಾಡುವುದು, ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ರಿಜೆಕ್ಟ್ ಮಾಡುವುದು. ಆ ಅಭ್ಯಾಸ ಗೇಟಿನ ಹೊರಗೂ ಅವರನ್ನು ಬಿಡಲಿಲ್ಲ. ಸಂತೆಯಲ್ಲಿ ಒಂದು ತೆಂಗಿನಕಾಯಿ ಆರಿಸಲು ರಾಶಿಯನ್ನೇ ಬಡಿದು ನೋಡುವವರು. ಅಂಗಡಿಯವರು ಇವರನ್ನು ಕಂಡರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು. "ಅಕ್ಕನ್ನ ಹೆಂಗೆ ಪಾಸ್ ಮಾಡಿದ್ರಿ ಭಾವ?" ಎಂದು ಒಮ್ಮೆ ಕೆಣಕಿದ್ದೆ. "ಆಗ ನಂಗಿನ್ನೂ ಟ್ರೇನಿಂಗು, ಮಾರಾಯ್ತಿ" ಅಂದರು. ಅಕ್ಕ ಒಳಗಿನಿಂದ ಸೌಟು ತೋರಿಸಿದ್ದಳು.

ಆ ಮನೆಗೆ ಮಿಲಿಟರಿ ಹರಾಜಿನ ಜೀಪೊಂದು ಬಂದದ್ದು ಅಕ್ಕನಿಗಾಗಿ. ಅಕ್ಕನ ತವರು ಆಯನೂರಿನಿಂದ ಒಳಗೆ, ಮಣ್ಣುರಸ್ತೆಯ ಊರು. ಅವಳ ತಾಯಿ ಲಕ್ವ ಹೊಡೆದು ಮಲಗಿದ್ದರು. ಶಿವಮೊಗ್ಗಕ್ಕೊಂದು ಬಸ್ಸು, ಅಲ್ಲಿಂದ ಆಯನೂರಿಗೆ ಇನ್ನೊಂದು, ಆಮೇಲೆ ನಡಿಗೆ. ತಾಯಿಗೆ ಒಂದಿಷ್ಟು ಗಂಜಿ ಕುಡಿಸಿ, ತಲೆ ಬಾಚುವಷ್ಟರಲ್ಲಿ ವಾಪಸ್ ಬಸ್ಸಿನ ಹೊತ್ತು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ಭಾವನಿಗೆ ಶಿಫ್ಟು. ತನ್ನದೇ ಗಾಡಿಯಿದ್ದರೆ ಬೇಕೆಂದಾಗ ಹೋಗಿ ಬರಬಹುದು ಎಂದು ಅಕ್ಕ ಡ್ರೈವಿಂಗ್ ಶಾಲೆಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಳು. ನಮ್ಮ ಬೀದಿಯಲ್ಲಿ ಆಗ ಸ್ಕೂಟರ್ ಓಡಿಸುವ ಹೆಂಗಸರೇ ಅಪರೂಪ. ಮಳೆಗಾಲದಲ್ಲಿ ಆ ಮಣ್ಣುರಸ್ತೆಗೆ ಕಾರು ಆಗುವುದಿಲ್ಲ, ಜೀಪೇ ಸರಿ ಎಂದು ತೀರ್ಮಾನಿಸಿದವರು ಭಾವ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಗುಡ್ಡ ಹತ್ತಲೆಂದು ಮಾಡಿದ ಗಾಡಿ ಅದು. ಓಲ್ಡ್ ಟೌನಿನ ಪೇಟೆಬೀದಿಯಲ್ಲಿ ಅದರ ಸ್ಟೇರಿಂಗ್ ತಿರುಗಿಸುವುದೆಂದರೆ ರುಬ್ಬುಗುಂಡು ತಿರುಗಿಸಿದ ಹಾಗೆ. ಅಕ್ಕ ಮೊದಲ ಸಲ ಓಡಿಸಿದ ದಿನ ನಿಂಬೆಹಣ್ಣಿನ ಗಾಡಿಯೊಂದರ ಮುಂದೆ ತಿರುಗಿಸಲಾಗದೆ ನಿಂತುಬಿಟ್ಟಳು. ಹಿಂದೆ ಬಸ್ಸು, ಮುಂದೆ ಜನ. ಕೊನೆಗೆ ಭಾವ ಪಕ್ಕದಿಂದ ಕೈ ಹಾಕಿ ಎಳೆದರು. ಮನೆಗೆ ಬಂದ ಅಕ್ಕನ ಅಂಗೈ ಕೆಂಪಾಗಿತ್ತು. ಅಂದೇ ಭಾವ, ಸ್ಟೇರಿಂಗ್ ಬದಲಾಯಿಸಿಯೇ ನಿನ್ನ ಕೈಗೆ ಗಾಡಿ ಕೊಡುವುದು ಎಂದುಬಿಟ್ಟರು.

ಶುರುವಾಯಿತಲ್ಲ, ಇನ್‌ಸ್ಪೆಕ್ಷನ್. ಯಾವ ಸ್ಟೇರಿಂಗ್ ಹಾಕಿಸುವುದು ಎಂದು ಕಂಡ ಕಂಡ ಡ್ರೈವರುಗಳನ್ನೆಲ್ಲ ಕೇಳಿದರು. ಮೊದಲು ಗುಜರಿಗೆ ಬಂದ ಕಾರೊಂದರ ಪವರ್ ಸ್ಟೇರಿಂಗ್ ತಂದರು. ಪೇಟೆಯಲ್ಲಿ ಬೆಣ್ಣೆಯಷ್ಟು ಹಗುರ. ಆದರೆ ಶಿವಮೊಗ್ಗ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದರೆ ಚಕ್ರ ಎತ್ತ ಹೊರಳುತ್ತಿದೆ ಎಂದು ಕೈಗೆ ತಿಳಿಯುವುದೇ ಇಲ್ಲ, ಕೆಸರಲ್ಲಿ ಇಂಜಿನ್ ಆಫ್ ಆದರೆ ಮೊದಲಿಗಿಂತ ಭಾರ ಎಂದು ಅದನ್ನು ಬಿಚ್ಚಿಸಿದರು. ಅದರ ಕೆಂಪೆಣ್ಣೆ ಚೆಲ್ಲಿ ಅಂಗಳವೆಲ್ಲ ಆ ವಾಸನೆ. ನಮ್ಮ ಒಗೆದ ಬಟ್ಟೆಗೂ ಹತ್ತಿತ್ತು.

ಆಮೇಲೆ ಬೇರೊಂದು ಜೀಪಿನ ಸ್ಟೇರಿಂಗ್ ಬಾಕ್ಸ್ ಬಂತು. ಎಣ್ಣೆ, ಪಂಪು ಏನೂ ಇಲ್ಲದ್ದು. ಒಳಗೆ ಗೋಲಿಗಳ ಮೇಲೆ ಹೊರಳುತ್ತದಂತೆ. ಬೆಣ್ಣೆಯಲ್ಲ, ಆದರೆ ರುಬ್ಬುಗುಂಡೂ ಅಲ್ಲ. ಒಂದು ಭಾನುವಾರ ನನ್ನ ಗಂಡ ಮಕ್ಕಳನ್ನೆಲ್ಲ ನೋಡಿಕೊಳ್ಳುತ್ತೇನೆಂದ ಮೇಲೆ ನಾವು ಮೂವರು ಟ್ರಯಲ್ಲಿಗೆ ಹೊರಟೆವು. ಅಕ್ಕ ಓಡಿಸಿದಳು, ಭಾವ ಪಕ್ಕದಲ್ಲಿ, ನಾನು ಹಿಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಟಿ ಕಚ್ಚಿಕೊಂಡು, ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಜಂಗುಳಿಯನ್ನೂ ದಾಟಿಸಿದಳು. ಅಕ್ಕನನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಲೇ ಇಲ್ಲ. ಆಯನೂರಿಗೆ ಹೋಗುವ ಸಾಗರ ರಸ್ತೆ ಎದುರಿಗೇ ಇತ್ತು. ಗಾಡಿ ನಿಧಾನ ಮಾಡಿ ಕೇಳಿದಳು. "ರೀ, ಹಿಂಗೇ ಆಯನೂರಿಗೆ ಹೋಗಿ ಅಮ್ಮನ್ನ ನೋಡ್ಕೊಂಡು ಬರೋಣ್ವಾ?"

"ಇನ್ನೂ ಪಾಸ್ ಆಗಿಲ್ವಲ್ಲೇ. ಮಣ್ಣುರಸ್ತೇಲಿ ನೋಡ್ಬೇಕು. ಮುಂದಿನ ವಾರ ಹೋಗೋಣ" ಅಂದರು ಭಾವ. ಅಕ್ಕ ಗಾಡಿ ತಿರುಗಿಸಿದಳು.

ಭದ್ರಾವತಿಗೆ ಬಂದ ಮೇಲೆ ಭಾವ ತಾವೇ ಸ್ಟೇರಿಂಗ್ ಮುಂದೆ ಕೂತು, ಗಾಡಿಯನ್ನು ನೀರಾವರಿ ಚಾನಲ್ಲಿನ ಏರಿಯ ಮಣ್ಣುರಸ್ತೆಗೆ ಇಳಿಸಿದರು. ಒಂದು ಗುಂಡಿಗೆ ಚಕ್ರ ಬಿದ್ದಿದ್ದೇ ಸ್ಟೇರಿಂಗ್ ಜಾಡಿಸಿ ಅವರ ಹೆಬ್ಬೆರಳಿಗೆ ಹೊಡೆಯಿತು. ನನಗೇ ಹೀಗಾದರೆ ಇವಳ ಕೈ ಏನಾಗಬೇಕು ಎಂಬುದೊಂದೇ ಅವರ ಮಾತು. "ನಾನು ನಿಧಾನಕ್ಕೆ ಹೋಗ್ತೀನಿ ರೀ, ಇಷ್ಟು ಸಾಕು" ಎಂದು ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ಸಂಜೆ ನೋಡಿದರೆ ಬಾಕ್ಸಿನ ಮೇಲೆ ಸೀಮೆಸುಣ್ಣದ ಗೆರೆ. ಅವರಿಗೆ ಪ್ರೀತಿಯಿರಲಿಲ್ಲ ಎಂದು ನಾನು ಹೇಳಲಾರೆ. ಇದ್ದದ್ದೇ ಹೆಚ್ಚಾಗಿತ್ತು. ಹೆಂಡತಿಯ ಕೈಗೆ ಕೊಡುವುದರಲ್ಲಿ ಎಳ್ಳಷ್ಟೂ ಊನ ಇರಬಾರದು ಎಂಬ ಹಟ. ಆ ಹಟ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಜೊತೆಗೆ ಅಳುವೂ.

ಆ ಮುಂದಿನ ವಾರ ಹೋಗಲಾಗಲಿಲ್ಲ. ಬಾಕ್ಸ್ ಬಿಚ್ಚಿದ ಜೀಪು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿತು. ಭಾವ ಬೆಂಗಳೂರಿನಿಂದ ಇನ್ನೊಂದನ್ನು ತರಿಸುವ ಪ್ರಯತ್ನದಲ್ಲಿದ್ದರು. ಹಾಗಿರುವಾಗಲೇ ಒಂದು ಬೆಳಿಗ್ಗೆ ನಮ್ಮ ಮನೆಗೆ ಅಕ್ಕನ ತಮ್ಮನ ಫೋನ್ ಬಂತು. ತಾಯಿಗೆ ಜಾಸ್ತಿಯಾಗಿದೆ, ಅಕ್ಕನನ್ನು ಕೇಳುತ್ತಿದ್ದಾರೆ, ಬೇಗ ಬರಲಿ ಎಂದ. ಬಾಡಿಗೆ ಕಾರು ಹುಡುಕಲು ಓಡಿದ ಭಾವ ಬರಿಗೈಲಿ ಬಂದರು. ಮದುವೆ ಸೀಸನ್, ಒಂದೂ ಇರಲಿಲ್ಲ. ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಇಬ್ಬರೂ ಬಸ್ಸಿಗೇ ಹೋದರು. ಹೊರಡುವಾಗ ಅಕ್ಕ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ಭಾವ ನೋಡಿದರು. ಅವರು ಆಯನೂರಿನಲ್ಲಿ ಇಳಿದು ನಡೆದು ಮುಟ್ಟುವಷ್ಟರಲ್ಲಿ ಆ ತಾಯಿಯ ಉಸಿರು ನಿಂತಿತ್ತು.

ತಿಂಗಳು ಕಳೆದ ಮೇಲೆ ಬೆಂಗಳೂರಿನ ಸ್ಟೇರಿಂಗ್ ಬಂತು. ಅದೂ ಪವರ್ ಸ್ಟೇರಿಂಗೇ, ಆದರೆ ಪೇಟೆಗೆ ಹಗುರ, ಹೈವೇಯಲ್ಲಿ ಬಿಗಿ, ಮಣ್ಣಲ್ಲಿ ಜಾಡಿಸದು. ಭಾವ ಅದನ್ನು ಪಾಸ್ ಮಾಡಿದರು. ಜೀಪು ತೊಳೆದು ಬಾಗಿಲ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ಅಕ್ಕನ ಮುಂದೆ ಹಿಡಿದರು. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ.

"ಎಲ್ಲಿಗೆ ಹೋಗ್ಲಿ, ಹೇಳಿ" ಅಂದಳು.

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರು ಯಾವುದನ್ನೂ ರಿಜೆಕ್ಟ್ ಮಾಡಿದ್ದನ್ನು ನಾನು ಕಾಣೆ. ಸಂತೆಯಲ್ಲಿ ಕೊಟ್ಟದ್ದನ್ನು ಕೊಟ್ಟ ಹಾಗೇ ಚೀಲಕ್ಕೆ ಹಾಕಿಸಿಕೊಂಡು ಬರುತ್ತಿದ್ದರು, ಕೊಳೆತ ಟೊಮೇಟೊ ಸಮೇತ. "ನೋಡಿ ತರಬಾರ್ದಾ?" ಎಂದು ಅಕ್ಕ ರೇಗಿದರೆ ಸುಮ್ಮನೆ ಕೈ ತೊಳೆಯಲು ಹೋಗುತ್ತಿದ್ದರು. ನನಗೂ ಅವರನ್ನು ಕೆಣಕುವ ಧೈರ್ಯ ಬರಲಿಲ್ಲ. ಒಂದೆರಡು ವರ್ಷದಲ್ಲಿ ಜೀಪು ಯಾರಿಗೋ ಹೋಯಿತು, ನಾವು ಶಿವಮೊಗ್ಗಕ್ಕೆ ಬಂದೆವು.

ಭಾವ ಈಗಿಲ್ಲ. ತೀರಿಕೊಂಡು ಬಹಳ ವರ್ಷಗಳಾದವು. ಒಳ್ಳೆಯ ಮನುಷ್ಯ, ಒಂದು ಸಲ, ಒಂದೇ ಒಂದು ಸಲ, ಸಾಕು ಅಂದಿದ್ದರೆ...

ಆಟೋ ಕಾಂಪ್ಲೆಕ್ಸಿನಿಂದ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಮಕ್ಕಳ ವಿಷಯ, ಮಂಡಿನೋವಿನ ವಿಷಯ ಎಲ್ಲ ಆದ ಮೇಲೆ, ಇವತ್ತು ಭಾವ ಬಹಳ ನೆನಪಾದರು ಎಂದೆ. ಆ ಭಾನುವಾರದ ಮಾತೂ ಬಂತು. ನನ್ನ ಸಿಟ್ಟನ್ನು ಅಕ್ಕ ಒಪ್ಪಲಿಲ್ಲ.

"ಅವರದೇನು ತಪ್ಪು ಕಣೆ? ನಾನೇ ಅವತ್ತು ಅವರನ್ನ ಕೇಳಬಾರದಿತ್ತು. ಸ್ಟೇರಿಂಗ್ ನನ್ನ ಕೈಲೇ ಇತ್ತಲ್ಲ."