ಅರ್ಧಕ್ಕೆ ಕೊಯ್ದ ಸೀರೆ

ಅತ್ತೆಯ ಎಡ ಮೊಣಕೈ ಮಡಿಕೆಯಲ್ಲಿ ಸದಾ ಒಂದು ನೀಲಿ ಕಲೆ ಇರುತ್ತಿತ್ತು. ಗದ್ವಾಲದ ನಮ್ಮ ನೇಕಾರರ ಓಣಿಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಜನ ಹೆದರಿದರೆ, ಮೊದಲು ತನ್ನ ತೋಳಿಗೇ ಸೂಜಿ ಚುಚ್ಚಿಸಿಕೊಂಡು, "ನೋಡ್ರೀ, ಸತ್ತೆನೇನು ನಾನು?" ಎಂದು ನಗುತ್ತಿದ್ದಳು.

ಅವಳು ಅಪ್ಪನ ತಂಗಿ. ಸೋದರಮಾವನನ್ನೇ ಮದುವೆಯಾಗಿ ಮಕ್ತಲ್ ಸೇರಿದ್ದಳು. ಮಗನಾದ ಮೇಲೆ ಹುಟ್ಟಿದ ಮಗಳು ಮೈಯಲ್ಲಿ ರಕ್ತ ಸಾಲದ ಕಾಯಿಲೆಯಿಂದ, ಬೇರೆಯವರ ರಕ್ತ ಹಾಕಿಸಿಕೊಳ್ಳುತ್ತಲೇ ಹೋಗಿಬಿಟ್ಟಳು. ಅದು ವಂಶವಾಹಿಯಲ್ಲಿ ಹೇಗೆ ಇಳಿದು ಬರುತ್ತದೆಂದು ಹುಡುಕುವುದೇ ಅತ್ತೆಯ ಬದುಕಾಯಿತು. ಹೈದರಾಬಾದಿನಲ್ಲಿ ಸಂಶೋಧನೆ ಮಾಡಿದಳು. ಆಮೇಲೆ ಅಲ್ಲಿನ ನೌಕರಿ ಬಿಟ್ಟು, ಮದುವೆಗೆ ಮುಂಚೆ ಗಂಡು ಹೆಣ್ಣಿನ ರಕ್ತ ಪರೀಕ್ಷಿಸುವ ಪುಟ್ಟ ಕಂಪನಿ ಕಟ್ಟಿದಳು.

ನಮ್ಮಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ. ಮಗಳ ಕಾಯಿಲೆ ಇನ್ನೂ ತಿಳಿಯದ ಕಾಲದಲ್ಲಿ, ಅತ್ತೆ ನನ್ನ ತೊಟ್ಟಿಲಲ್ಲಿ ಬೆಳ್ಳಿ ಬಳೆ ಇಟ್ಟು "ಇಕಿ ನನ್ನ ಸೊಸಿ" ಎಂದಿದ್ದಳಂತೆ. ಅಪ್ಪನಿಗೆ ಆ ಮಾತೇ ಶಾಸನ.

ನನ್ನ ಡಿಗ್ರಿ ಮುಗಿದ ವರ್ಷ ನನ್ನ ರಕ್ತವನ್ನೂ ಒಯ್ದಿದ್ದ ಅತ್ತೆ, ಒಂದು ಸಂಜೆ ಬಂದು ಮಾಳಿಗೆಗೆ ಕರೆದಳು.

"ನಿನ್ನ ರಕ್ತದಾಗೂ ನನ್ನ ಮಗನ ರಕ್ತದಾಗೂ ಒಂದಾ ದೋಷ ಐತವ್ವ. ಅವನ ಒಪ್ಪಿಗಿ ಕೇಳೇ ಹೇಳಾಕತ್ತೀನಿ. ನಿಮಗೇನೂ ಆಗೂದಿಲ್ಲ. ನೀವಿಬ್ರೂ ಕೂಡಿದ್ರ ಹುಟ್ಟೋ ಕೂಸಿಗೆ ಕಷ್ಟ. ಯಾರಿಗೂ ಹೇಳಬ್ಯಾಡ. ಮಾತು ಓಣಿಗೆ ಬಿದ್ರ ನಿನ್ನ ಯಾರೂ ಕೇಳೂದಿಲ್ಲ."

ಕೆಳಗಿಳಿದು ಅಪ್ಪನಿಗೆ ಇಷ್ಟೇ ಹೇಳಿದಳು: "ಈ ಸಂಬಂಧ ಬ್ಯಾಡಣ್ಣಾ."

"ಕಂಪನಿ ಒಡತಿ ಆದ ಮ್ಯಾಲ ಮಗ್ಗದ ಮನಿ ಹುಡುಗಿ ಬ್ಯಾಡಾದಳೇನು? ಇನ್ನ ಈ ಹೊಸ್ತಿಲ ತುಳೀಬ್ಯಾಡ!"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈಯನ್ನು ನೋಯುವಷ್ಟು ಒತ್ತಿ ಹಿಡಿದಳು, ಆಮೇಲೆ ತಲೆ ತಗ್ಗಿಸಿ ಹೊರಟಳು. ಮದುವೆ ಮುರಿಯುವವಳೆಂದು ಓಣಿಯ ಮನೆಗಳೂ ಬಾಗಿಲು ಹಾಕಿದವು. ಕಂಪನಿ ಸೊರಗಿತು. ಅವಳು ಐಜದ ಕಡೆಯ ಹಳ್ಳಿಗಳಲ್ಲಿ ಸೂಜಿ ಹಿಡಿದು ಅಲೆಯುವುದನ್ನು ಮಾತ್ರ ಬಿಡಲಿಲ್ಲ.

ನನಗೆ ಬೇರೆ ಕಡೆ ಮದುವೆಯಾಗಿ, ಗಟ್ಟಿಮುಟ್ಟಾದ ಮಗಳು ಹುಟ್ಟಿದ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಮರುದಿನ ಅಪ್ಪ ಮಗ್ಗಕ್ಕೆ ಹೊಸ ಸೀರೆಯ ಹಾಸುನೂಲು ಏರಿಸಿದ.

"ಮೊದಲು ಫೋನ್ ಮಾಡಪ್ಪಾ," ಎಂದೆ.

"ಇಷ್ಟು ವರ್ಷದ ಮ್ಯಾಲ ತಂಗಿ ಮನಿಗೆ ಬರಿಗೈಲೆ ಹ್ಯಾಂಗ ಹೋಗ್ಲಿ? ಸೀರಿ ಮುಗೀಲಿ."

ಸೀರೆ ಮುಗಿಯುವ ಮೊದಲೇ, ಐಜದ ಹತ್ತಿರದ ಒಂದು ಹಳ್ಳಿಯಲ್ಲಿ ರಕ್ತ ತೆಗೆಯುತ್ತಿದ್ದಾಗ ಅತ್ತೆಯ ಎದೆಬಡಿತ ನಿಂತಿತು.

ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಬೇಕು. ಅಪ್ಪ ಕತ್ತರಿ ಹಿಡಿದು ಮಗ್ಗದ ಮುಂದೆ ಕುಳಿತ. ಅವ್ವ ಹೌಹಾರಿದಳು: "ಅರ್ಧಕ್ಕ ಕೊಯ್ತಾರೇನ್ರೀ! ಅಂಗಡ್ಯಾಗ ಸೀರಿ ಇಲ್ಲೇನು?"

"ಇದು ಆಕೀದು," ಎಂದ ಅಪ್ಪ.

ಒಂದು ಫೋನು ಸಾಕಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ಮಕ್ತಲದಲ್ಲಿ ಕಂಡದ್ದನ್ನು ನೆನೆದರೆ ಬೈಯಲು ಬಾಯಿ ಬರುವುದಿಲ್ಲ. ಸೆರಗು ಇನ್ನೂ ನೇಯ್ದಿರಲಿಲ್ಲ. ಬಟ್ಟೆ ಸಾಲದೆ ಅತ್ತೆಯ ಎಡಗೈ ಹೊರಗೇ ಉಳಿಯಿತು. ಆ ನೀಲಿ ಕಲೆಯನ್ನು ಅಪ್ಪ ಅಂಗೈಯಿಂದ ಮುಚ್ಚಿ ಕುಳಿತಿದ್ದ. ಹೆಣ ಎತ್ತುವ ಹೊತ್ತಾದರೂ ಕೈ ತೆಗೆಯಲಿಲ್ಲ.