ಪೂಜೆಗಿಟ್ಟ ಷೆಫೀಲ್ಡ್ ಚಾಕು

ವಿಜಯನಗರದ ನಮ್ಮ ಮನೆಯಲ್ಲಿ ಆಯುಧಪೂಜೆಗೆಂದು ನನ್ನ ಸಂಗ್ರಹದ ಹನ್ನೊಂದು ಇಂಗ್ಲಿಷ್ ಚಾಕುಗಳನ್ನು ನಾನೇ ಜೋಡಿಸಿಟ್ಟೆ. ಅಮ್ಮ ಅವುಗಳಲ್ಲಿ ಅತಿ ಹಳೆಯದಾದ ಷೆಫೀಲ್ಡ್ ಊರಿನ ಚಾಕುವಿನಿಂದಲೇ ನಿಂಬೆಹಣ್ಣು ಕೊಯ್ದು, ಒದ್ದೆ ಅಲಗಿಗೆ ಕುಂಕುಮ ಹಚ್ಚಿದಳು. ಅಷ್ಟು ಹಳೆಯ ಉಕ್ಕಿಗೆ ಹುಳಿ ಆಗದು; ತಾಗಿದರೆ ಕಪ್ಪಾಗುತ್ತದೆ.

"ಅಮ್ಮಾ, ಇದೊಂದನ್ನ ಒರೆಸಿಬಿಡ್ತೀನಿ."

"ಪೂಜೆಗಿಟ್ಟಿದ್ದನ್ನ ನಾಳೆ ತನಕ ಮುಟ್ಟಬಾರದು ಕಣೋ. ನಿಮ್ಮಪ್ಪನ ಸ್ಕೂಟರೇ ಸುಮ್ಮನೆ ನಿಂತಿದೆ, ನಿನ್ನ ಚಾಕುಗೇನು ಅವಸರ?"

ಸಂಜೆಯೊಳಗೆ ಒಂಬತ್ತು ಸಲ ಹೋಗಿ ನೋಡಿದೆ; ಪ್ರತಿ ಸಲದ ಗಂಟೆಯನ್ನೂ ದಿನಚರಿಯಲ್ಲಿ ಬರೆದೆ. ಅಲಗಿನಲ್ಲಿದ್ದ ತಯಾರಕರ ಹೆಸರಿನ ಮೇಲೆ ಕಪ್ಪು ಹರಡುತ್ತಲೇ ಇತ್ತು. ಕೈ ಚಾಚಿದಾಗಲೆಲ್ಲ ಅಮ್ಮನ ಮುಖ ನೋಡಿ ಹಿಂದೆಗೆದೆ.

ಮರುದಿನ ಬೆಳಿಗ್ಗೆ ಅವಳೇ ಬಟ್ಟೆ ತಂದುಕೊಟ್ಟಳು. ಎಷ್ಟು ಮೆಲ್ಲಗೆ ಒರೆಸಿದರೂ, ತೆಳುವಾಗಿ ಕೊರೆದಿದ್ದ ಆ ಹೆಸರು ಕಲೆಯ ಜೊತೆಗೇ ಅಳಿಸಿಹೋಯಿತು. ಆ ಚಾಕು ಯಾರು ಮಾಡಿದ್ದು, ಎಲ್ಲಿಯದು ಎಂದು ಹೇಳಲು ಅದರಲ್ಲಿ ಬೇರೆ ಗುರುತಿರಲಿಲ್ಲ.