‘ಹೇಗೆ ಗೊತ್ತು’ ಮೇಡಂಗೆ ಐದಕ್ಕೆ ಮೂರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂಭಾಗದ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಹೆಂಗಸು ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸುತ್ತಿದ್ದಾರೆ. ಲಿಫ್ಟ್ ಕೆಟ್ಟಿರುವುದರಿಂದ ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿಲ್ಲ. ನಿನ್ನೆ ಸಂಜೆ ಇಲ್ಲಿ ಪಾಠ ಮಾಡಿದವರು ಹಲಗೆ ತುಂಬ ಬಾಣ, ಚೌಕ, ವೃತ್ತ ಬಿಡಿಸಿ ಹಾಗೇ ಬಿಟ್ಟು ಹೋಗಿದ್ದಾರೆ. "ಬರೆಯೋಕೆ ಎಲ್ಲಿಲ್ಲದ ಹುರುಪು. ಒರೆಸೋಕೆ ಮಾತ್ರ ನಾನೇ ಬೇಕು," ಎಂದು ಅವರು ತಮ್ಮಷ್ಟಕ್ಕೆ ಗೊಣಗುತ್ತಾರೆ. ಆಮೇಲೆ ಕಿಟಕಿ ತೆರೆದು, ಮಿಣುಕುತ್ತಿದ್ದ ಒಂದು ಟ್ಯೂಬ್‌ಲೈಟನ್ನು ಆರಿಸುತ್ತಾರೆ. ಅದರ ಕೆಳಗೆ ಕೂತವರು ಬೇಗ ತೂಕಡಿಸುತ್ತಾರೆ ಎಂಬುದು ಅವರು ಕಂಡುಕೊಂಡ ವಿಷಯ.

ಆರೂವರೆಗೆ ಹಣಕಾಸು ನಿರ್ವಹಣೆಯ ತರಗತಿ. ಕಾಯಂ ಅಧ್ಯಾಪಕರು ಯಾರೂ ಈ ಹೊತ್ತಿನ ಹತ್ತಿರ ಸುಳಿಯುವುದಿಲ್ಲ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಮತ್ತೊಬ್ಬರಿಗೆ ಸುಮ್ಮನೆ ಇಷ್ಟವಿಲ್ಲ. ಹಾಗಾಗಿ ಎಂಟು ವರ್ಷಗಳಿಂದ ಅದು ಗುತ್ತಿಗೆಯ ಮೇಲಿರುವ ಈ ತಾತ್ಕಾಲಿಕ ಅಧ್ಯಾಪಕಿಯ ಕೊರಳಿಗೆ ಬಿದ್ದಿದೆ. ಹುಡುಗ ಹುಡುಗಿಯರು ಕಣ್ಣುಜ್ಜಿಕೊಳ್ಳುತ್ತ, ಒಬ್ಬರ ಹೆಗಲಿಗೆ ಒಬ್ಬರು ಒರಗಿಕೊಂಡು ಒಳಗೆ ಬರುತ್ತಾರೆ. ಅವರ ಮುಖ ನೋಡಿದರೆ ಯಾರೋ ಶಿಕ್ಷೆ ಕೊಟ್ಟು ಕಳಿಸಿದಂತಿದೆ.

ಆರು ತಿಂಗಳ ಈ ಅವಧಿಯುದ್ದಕ್ಕೂ ಮಾಡುವ ಲೆಕ್ಕ ಒಂದು ಇಸ್ತ್ರಿ ಅಂಗಡಿಯದು. ಅಂಗಡಿಯವನು ಹೊಸ ಯಂತ್ರ ಕೊಳ್ಳಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ? ಎರಡನೇ ಬೆಂಚಿನ ಹುಡುಗ ಎದ್ದು ನಿಂತು, ಹೊಸ ಯಂತ್ರದ ದುಡ್ಡು ಹನ್ನೊಂದೇ ದಿನದಲ್ಲಿ ವಾಪಸು ಬರುತ್ತದೆ ಎಂದು ಗಟ್ಟಿಯಾಗಿ ಹೇಳುತ್ತಾನೆ.

"ಹೇಗೆ ಗೊತ್ತು?"

"ಲೆಕ್ಕದಲ್ಲಿ ಬಂತು ಮೇಡಂ."

"ಬಂತು, ಸರಿ. ದಿನಕ್ಕೆ ಎಷ್ಟು ಶರ್ಟು ಅಂತ ಹಾಕಿದೀಯಪ್ಪಾ?"

ಹುಡುಗ ತನ್ನ ಹಾಳೆ ನೋಡಿಕೊಳ್ಳುತ್ತಾನೆ. "ನಾಲ್ಕು ಸಾವಿರ ಮೇಡಂ."

"ಆ ಪುಣ್ಯಾತ್ಮನಿಗೆ ಕೈ ಎಷ್ಟಿವೆ?" ತರಗತಿ ಗೊಳ್ಳೆನ್ನುತ್ತದೆ. ಮೇಡಂ ನಗುವುದಿಲ್ಲ. "ಯಾವುದಾದ್ರೂ ಇಸ್ತ್ರಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತ್ಕೊಂಡು ಬಾ. ಅವನು ಕೆಲಸ ಮಾಡೋದನ್ನ ನೋಡು. ಆಮೇಲೆ ಲೆಕ್ಕ ಮಾಡು."

ಇದೇ ಅವರ ಪಾಠದ ರೀತಿ. ಯಾರೇ ಯಾವುದೇ ಅಂಕಿ ಹೇಳಲಿ, ಮೊದಲ ಪ್ರಶ್ನೆ ‘ಹೇಗೆ ಗೊತ್ತು?’ ಉತ್ತರ ಪತ್ರಿಕೆಯ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಅದೇ ಎರಡು ಪದ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆದು, ಯಾಕೆ ಗೊತ್ತಿಲ್ಲ ಎಂದು ವಿವರಿಸಿದರೆ ಅರ್ಧ ಅಂಕ. ಆಧಾರವಿಲ್ಲದೆ ಬಾಯಿಗೆ ಬಂದದ್ದು ಬರೆದರೆ, ಉತ್ತರ ಅಕಸ್ಮಾತ್ ಸರಿಯಾಗಿದ್ದರೂ ಸೊನ್ನೆ. ವಿದ್ಯಾರ್ಥಿಗಳು ಇಟ್ಟಿರುವ ಹೆಸರೂ ‘ಹೇಗೆ ಗೊತ್ತು’ ಮೇಡಂ. ಅವರ ನಿಜ ಹೆಸರು ಕ್ಯಾಂಟೀನಿನಲ್ಲಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಂಟೀನಿನಲ್ಲಿ ಅವರ ಬಗ್ಗೆ ಅಭಿಪ್ರಾಯಗಳಿಗೇನೂ ಬರವಿಲ್ಲ. "ಭಾನುವಾರ ಅಂತ ಒಂದಿತ್ತು, ಅದನ್ನ ನಾನು ನೋಡಿ ಮೂರು ತಿಂಗಳಾಯ್ತು," ಎನ್ನುತ್ತಾಳೆ ಕನ್ನಡಕದ ಒಬ್ಬ ಹುಡುಗಿ. "ಪಕ್ಕದ ಸೆಕ್ಷನ್ನಿನ ಸರ್ ಪರದೆ ಮೇಲೆ ಎಲ್ಲ ತೋರಿಸಿ, ಅದನ್ನೇ ಪರೀಕ್ಷೆಗೆ ಕೊಡ್ತಾರೆ. ನಮಗೆ ಮಾತ್ರ ಈ ಗ್ರಹಚಾರ," ಎಂದು ಇನ್ನೊಬ್ಬ ಟೀ ಲೋಟ ಕುಕ್ಕುತ್ತಾನೆ. ಕಳೆದ ವರ್ಷ ಮುಗಿಸಿ ಹೋದ ಒಬ್ಬನಂತೂ ಹೊಸಬರಿಗೆಲ್ಲ ಫೋನ್ ಮಾಡಿ, "ಬೇರೆ ಯಾವ ವಿಷಯ ಬೇಕಾದ್ರೂ ತಗೊಳ್ಳಿ, ಬೆಳಗಿನ ಫೈನಾನ್ಸ್ ಒಂದು ಬಿಟ್ಟು," ಎಂದು ಎಚ್ಚರಿಸುತ್ತಾನಂತೆ. ಹಿಡಿಶಾಪ ಹಾಕುತ್ತಲೇ ಎಲ್ಲರೂ ಆರೂವರೆಗೆ ಬಂದು ಕೂರುತ್ತಾರೆ ಎಂಬುದೂ ನಿಜ.

ಈ ಹಟ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಅವರ ಮನೆಗೆ ಹೋಗಬೇಕು. ಎರಡು ಕೋಣೆಯ ಬಾಡಿಗೆ ಮನೆ. ಹಜಾರದ ಅರ್ಧ ಭಾಗವನ್ನು ಒಂದು ದೊಡ್ಡ ಉಕ್ಕಿನ ಓವನ್ ನುಂಗಿಕೊಂಡಿದೆ. ಅದರೊಳಗೆ ಈಗ ಬೇಯುವುದು ಏನೂ ಇಲ್ಲ. ಮೇಲಿನ ಖಾನೆಯಲ್ಲಿ ಕಂಬಳಿ, ಕೆಳಗಿನದರಲ್ಲಿ ಚಪ್ಪಲಿ. ಗಂಡನ ಅಣ್ಣ, ಅಂದರೆ ಇವರ ಭಾವ, ಬೇಕರಿ ತೆರೆದ ಕಾಲದ್ದು. ಯಾರೋ ಸಲಹೆಗಾರ ಬಣ್ಣದ ಹಾಳೆಗಳಲ್ಲಿ ಅಂಗೈಯಲ್ಲಿ ಅರಮನೆ ತೋರಿಸಿದ್ದ. ದಿನಕ್ಕೆ ಇಷ್ಟು ಬ್ರೆಡ್ಡು, ಇಷ್ಟು ಬನ್ನು, ವರ್ಷದೊಳಗೆ ಎರಡನೇ ಅಂಗಡಿ. ಆ ಬೀದಿಯಲ್ಲಿ ಆಗಲೇ ಎರಡು ಬೇಕರಿ ಇದ್ದವು. ಅವುಗಳ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ವರ್ಷದೊಳಗೆ ಬಾಗಿಲು ಮುಚ್ಚಿತು. ಭಾವ ಈಗ ಬೇರೆ ಊರಿನಲ್ಲಿ ಬೇರೆಯವರ ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ.

"ನಾನು ಈ ಮನೆಗೆ ಬರೋ ಹೊತ್ತಿಗೆ ಅಂಗಡಿ ಹೋಗಿ ಓವನ್ ಉಳಿದಿತ್ತು," ಎನ್ನುತ್ತಾರೆ ಮೇಡಂ. "ಆ ಬಣ್ಣದ ಹಾಳೆಗಳನ್ನ ಓದಿದೆ. ಕೂಡೋದು ಕಳೆಯೋದರಲ್ಲಿ ಒಂದೂ ತಪ್ಪಿಲ್ಲ. ಆ ಅಂಕಿ ಎಲ್ಲಿಂದ ಬಂತು ಅಂತ ಮಾತ್ರ ಎಲ್ಲೂ ಇಲ್ಲ. ನೋಡಿ ಮೈ ಉರಿದುಹೋಯ್ತು."

ಅವರ ಅತ್ತೆಗೆ ಸೊಸೆಯ ಕೆಲಸದ ಬಗ್ಗೆ ಬೇರೆಯದೇ ಅಭಿಪ್ರಾಯ. "ಪರರ ಮಕ್ಕಳನ್ನ ಯಾಕಮ್ಮಾ ಅಷ್ಟು ಗೋಳು ಹೊಯ್ಕೋತೀಯ ಅಂತ ನಾನೂ ಕೇಳ್ತೀನಿ. ಒಂದೆರಡು ಅಂಕ ಜಾಸ್ತಿ ಹಾಕಿದ್ರೆ ಇವಳ ಗಂಟೇನು ಹೋಗುತ್ತೆ? ಮನೇಲೂ ಇದೇ ಕಾಟ. ಇವತ್ತು ಮಳೆ ಬರುತ್ತೆ ಅಂದ್ರೆ, ಹೇಗೆ ಗೊತ್ತು ಅತ್ತೆ ಅಂತಾಳೆ. ನನ್ನ ಮೊಣಕಾಲಿಗೆ ಗೊತ್ತು ಅಂದೆ. ಅವತ್ತು ಕೊಡೆ ಹಿಡ್ಕೊಂಡು ಹೋದಳು."

ಇವರ ಗುತ್ತಿಗೆ ಪ್ರತಿ ಅವಧಿಗೂ ಹೊಸದಾಗಬೇಕು. ಹೊಸದಾಗುವುದು ವಿದ್ಯಾರ್ಥಿಗಳ ಕೈಯಲ್ಲಿದೆ. ಅವಧಿಯ ಕೊನೆಯಲ್ಲಿ ಅವರು ಅಧ್ಯಾಪಕರಿಗೆ ಅಂಕ ಕೊಡುತ್ತಾರೆ. ಸರಾಸರಿ ಐದಕ್ಕೆ ಮೂರೂವರೆ ದಾಟಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಕಾಯಂ ಆದವರಿಗೆ ಈ ನಿಯಮ ಇಲ್ಲ. ಸಿಟ್ಟಾದ ಹುಡುಗರು ಒಂದು, ಎರಡು ಹಾಕಿದರೂ ಮೆಚ್ಚಿದವರು ಐದು ಹಾಕಿ, ಮೇಡಂ ಹೇಗೋ ಪ್ರತಿ ಸಲ ದಡ ಸೇರುತ್ತಿದ್ದರು. ಗಂಡನ ಲಿಫ್ಟ್ ರಿಪೇರಿ ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುವುದು ಈ ಬೆಳಗಿನ ಪಾಠದಿಂದ.

ಈ ಅವಧಿಯ ತರಗತಿ ಎಂಟು ವರ್ಷಗಳಲ್ಲೇ ಒಳ್ಳೆಯದು ಎಂದು ಮೇಡಂ ಬಾಯಿಬಿಟ್ಟು ಹೇಳುತ್ತಾರೆ. ಈ ಹುಡುಗ ಹುಡುಗಿಯರು ಹೇಳಿದ ಜಾಗಕ್ಕೆ ಹೋಗಿ ನೋಡಿ ಬರುತ್ತಿದ್ದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚುತ್ತಿರಲಿಲ್ಲ. ಆ ತರಗತಿಯೇ ಅವರಿಗೆ ಕೊಟ್ಟ ಸರಾಸರಿ ಮೂರಕ್ಕಿಂತ ಕೂದಲೆಳೆಯಷ್ಟು ಮೇಲೆ.

ವಿಭಾಗದ ಮುಖ್ಯಸ್ಥರು ಮೇಡಂ ಅವರನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅಭಿಪ್ರಾಯದ ಹಾಳೆಗಳು. "ಏನ್ ಮೇಡಂ ಇದು, ನಿಮ್ಮ ಮಕ್ಕಳಿಗೆ ತಲೆ ಕೆಟ್ಟಿದೆಯಾ? ನೀವೇ ಓದಿ," ಎಂದು ಹಾಳೆಗಳನ್ನು ಮುಂದೆ ತಳ್ಳಿದರು.

ಅಧ್ಯಾಪಕರಿಗೆ ವಿಷಯದಲ್ಲಿ ಆಳವಾದ ಜ್ಞಾನವಿದೆಯೇ ಎಂಬ ಪ್ರಶ್ನೆಗೆ ಒಬ್ಬಳು ಮೂರು ಹಾಕಿ ಬರೆದಿದ್ದಳು: "ಆಳ ಅಳೆಯುವಷ್ಟು ನಮಗೇ ಗೊತ್ತಿಲ್ಲ. ಆದ್ದರಿಂದ ನಡುವಿನ ಅಂಕ." ಇತರ ಅಧ್ಯಾಪಕರಿಗಿಂತ ಚೆನ್ನಾಗಿ ಕಲಿಸುತ್ತಾರೆಯೇ? "ಇತರರ ಹಣಕಾಸು ತರಗತಿಯಲ್ಲಿ ನಾವು ಕೂತಿಲ್ಲ. ಮೂರು." ಈ ಪಾಠ ಜೀವನದಲ್ಲಿ ಉಪಯೋಗಕ್ಕೆ ಬರುತ್ತದೆಯೇ? "ಜೀವನ ಇನ್ನೂ ಶುರುವಾಗಿಲ್ಲ. ಐದು ವರ್ಷ ಬಿಟ್ಟು ಕೇಳಿ. ಸದ್ಯಕ್ಕೆ ಮೂರು." ಹಾಳೆ ತಿರುವಿದಂತೆಲ್ಲ ಇದೇ ಕಥೆ. ಎಲ್ಲರೂ ಒಮ್ಮತದಿಂದ ಐದು ಕೊಟ್ಟದ್ದು ಒಂದೇ ಪ್ರಶ್ನೆಗೆ, ಸಮಯಕ್ಕೆ ಸರಿಯಾಗಿ ಬರುತ್ತಾರೆಯೇ ಎಂಬುದಕ್ಕೆ. "ನಾವು ಬರುವಷ್ಟರಲ್ಲಿ ಹಲಗೆ ಒರೆಸಿರುತ್ತಾರೆ. ಕಣ್ಣಾರೆ ಕಂಡಿದ್ದೇವೆ."

ಪಕ್ಕದ ಸೆಕ್ಷನ್ನಿನ ಸರ್‌ಗೆ ಸಾಲಾಗಿ ಐದು ಬಿದ್ದಿತ್ತು. ಅಲ್ಲಿ ಯಾರೂ ಕಾರಣ ಬರೆಯುವ ಗೋಜಿಗೆ ಹೋಗಿರಲಿಲ್ಲ.

"ಓದಿ ನಗು ಬಂತಾ, ಅಳು ಬಂತಾ?" ಎಂದು ಈಗ ಯಾರಾದರೂ ಕೇಳಿದರೆ ಮೇಡಂ ಹಣೆ ಒತ್ತಿಕೊಳ್ಳುತ್ತಾರೆ. "ಎರಡೂ ಅಲ್ಲ. ತಲೆ ಚಚ್ಕೊಳ್ಳೋ ಹಾಗಾಯ್ತು. ಎಂಟು ವರ್ಷದಲ್ಲಿ ಒಂದು ತರಗತಿಗೆ ಪಾಠ ಪೂರ್ತಿ ತಲೆಗೆ ಹೋಗಿದೆ. ಹೋಗಿ ಹೋಗಿ ಅದನ್ನ ಎಲ್ಲಿ ತೋರಿಸಬೇಕು ಇವರು?"

ಮುಖ್ಯಸ್ಥರು ಕೆಟ್ಟವರಲ್ಲ. ಅವರೇ ದಾರಿ ಹೇಳಿಕೊಟ್ಟರು. ಹಾಳೆಗಳು ಇನ್ನೂ ಆಡಳಿತ ಕಚೇರಿಗೆ ಹೋಗಿಲ್ಲ, ಹುಡುಗರಿಗೆ ವಿಷಯ ತಿಳಿಸಿ ಇನ್ನೊಮ್ಮೆ ತುಂಬಿಸಿ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದರು. ಮೇಡಂ ಎದ್ದು ಬಂದರು. ಮಾರನೇ ಬೆಳಿಗ್ಗೆ ತರಗತಿಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲು ಬಂದಿತ್ತು. ತರಗತಿಯ ಪ್ರತಿನಿಧಿ, ಅದೇ ಕನ್ನಡಕದ ಹುಡುಗಿ, ಖಾಲಿ ಹಾಳೆಗಳ ಕಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಬಾಡಿತ್ತು.

"ಮೇಡಂ, ಇದರಿಂದ ನಿಮ್ಮ ಕೆಲಸ ಹೋಗುತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ. ಪರೀಕ್ಷೆಯಲ್ಲಿ ಬರೆದ ಹಾಗೆ ಬರೆದ್ವಿ. ಈಗಲೇ ಮತ್ತೆ ತುಂಬ್ತೀವಿ. ಎಲ್ಲದಕ್ಕೂ ಐದು."

"ಹೇಗೆ ಗೊತ್ತು ಐದು ಅಂತ?"

ಹುಡುಗಿ ಹಾಳೆಗಳ ಕಟ್ಟನ್ನು ಎದೆಗವಚಿಕೊಂಡಳು. ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ಇವತ್ತೊಂದು ದಿನ ಅದನ್ನ ಬಿಟ್ಟುಬಿಡಿ," ಎಂದರು.

"ಇವತ್ತೊಂದು ದಿನ ಬಿಟ್ಟರೆ ನಾಳೆ ಯಾವ ಮುಖ ಇಟ್ಕೊಂಡು ಕೇಳಲಿ? ನೀವು ಬರೆದದ್ದರಲ್ಲಿ ತಪ್ಪಿಲ್ಲ. ಓದಿ ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದ್ರೆ ತಪ್ಪು ಹುಡುಕಿದೆ, ಸಿಗಲಿಲ್ಲ. ಆ ಹಾಳೆ ಒಳಗಿಡಮ್ಮ, ಇಸ್ತ್ರಿ ಅಂಗಡಿ ಲೆಕ್ಕ ತೆಗಿ."

ಆ ಹುಡುಗಿ ಈಗಲೂ ಆ ದಿನವನ್ನು ಮರೆತಿಲ್ಲ. "ಅಷ್ಟು ಕೋಪ ನನಗೆ ಯಾವತ್ತೂ ಬಂದಿಲ್ಲ. ಯಾರ ಮೇಲೆ ಅಂತಾನೂ ತಿಳೀಲಿಲ್ಲ. ಅವರ ಮೇಲೋ, ನಮ್ಮ ಮೇಲೋ, ಹಾಳೇಲಿ ಆ ಪ್ರಶ್ನೆಗಳನ್ನ ಹಾಕಿದೋರ ಮೇಲೋ."

ಆ ವಾರ ಗಂಡ ದೂರದ ಊರಿನ ಲಿಫ್ಟ್ ಕೆಲಸವೊಂದನ್ನು ಒಪ್ಪಿಕೊಂಡರು. ಮೇಡಂ ರಾತ್ರಿ ಊಟಕ್ಕೆ ಕೂತು ಅನ್ನ ಕಲೆಸುತ್ತಲೇ ಇದ್ದಾಗ ಅತ್ತೆ ಎದುರಿಗೆ ಬಂದು ಕೂತರು. ಬೈಯುತ್ತಾರೆಂದು ಸೊಸೆ ಕಾದರು. ಅತ್ತೆ ಹಜಾರದ ಓವನ್ ಕಡೆ ನೋಡಿ, "ಅವತ್ತು ಈ ಮನೇಲಿ ನೀನಿದ್ದಿದ್ರೆ ಕೇಳ್ತಿದ್ದೆ ಅಲ್ವಾ," ಎಂದಷ್ಟೇ ಹೇಳಿ ಎದ್ದು ಹೋದರು.

ಆಡಳಿತ ಕಚೇರಿಯ ತೀರ್ಮಾನ ಮೊನ್ನೆ ಬಂದಿದೆ. ಗುತ್ತಿಗೆ ಮುಂದುವರಿಯುತ್ತದೆ, ಒಂದೇ ಒಂದು ಅವಧಿಗೆ. ಯಾರೂ ಆ ಹಾಳೆಗಳನ್ನು ಓದಿ ಮನಸ್ಸು ಬದಲಿಸಿದ್ದಲ್ಲ. ಆರೂವರೆಯ ತರಗತಿಗೆ ಪಕ್ಕದ ಸೆಕ್ಷನ್ನಿನ ಸರ್ ಸೇರಿದಂತೆ ಒಬ್ಬೊಬ್ಬರನ್ನೇ ಕೇಳಿದ್ದಾರೆ, ಒಬ್ಬೊಬ್ಬರೇ ಆಗುವುದಿಲ್ಲ ಎಂದು ಜಾರಿಕೊಂಡಿದ್ದಾರೆ. "ಎಂಟು ವರ್ಷ ಪಾಠ ಮಾಡಿದ್ದಕ್ಕೆ ಕೆಲಸ ಉಳೀಲಿಲ್ಲ. ಬೇಗ ಏಳ್ತೀನಿ ಅನ್ನೋದಕ್ಕೆ ಉಳೀತು," ಎಂದು ಮೇಡಂ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಾರೆ. ದನಿಯಲ್ಲಿ ರೇಜಿಗೆ ಇದೆ. ಇಷ್ಟಾದರೂ ಮುಂದಿನ ಅವಧಿಗೆ ಪಾಠದ ರೀತಿ ಬದಲಿಸುವ ಯೋಚನೆ ಅವರಿಗಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ, ತರಗತಿ ಮುಗಿದು ಖಾಲಿಯಾದ ಬೆಂಚುಗಳ ಕಡೆ ನೋಡುತ್ತಾರೆ. ಆಮೇಲೆ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. "ಐದು ವರ್ಷ ಬಿಟ್ಟು ಕೇಳಿ ಅಂತ ಬರೆದಿದಾರಲ್ಲ ಆ ಮಕ್ಕಳು. ನಾನು ಬಿಡೋಳಲ್ಲ, ಕೇಳೇ ಕೇಳ್ತೀನಿ. ಅವರು ಉತ್ತರ ಹೇಳೋಕೆ ಬಂದಾಗ ನಾನು ಇಲ್ಲಿರಬೇಕು. ಅಷ್ಟು ದಿನ ಇಟ್ಕೊಂಡ್ರೆ ಸಾಕು."